ಹಿಟ್ಟಿನ ಹುಳ

ಹುಳಕ್ಕೆ ಅವಸರದಲ್ಲಿ ಹೆಸರಿಡಬಾರದು ಎಂದು ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಮಾಡುವವಳು ನಾನು. ಆದರೂ ಇಟ್ಟೆ, ಅನುಭವಿಸಿದೆ.

ಜಾಲರಿ ರೆಕ್ಕೆಯ ಕೀಟಗಳೆಂದರೆ ನನಗೆ ಹುಚ್ಚು. ಅದೊಂದು ದೊಡ್ಡ ಸಂಸಾರ. ನೂಲಿನೆಳೆಯ ತುದಿಯಲ್ಲಿ ಮೊಟ್ಟೆ ಇಡುವ ಹಸಿರು ಚೆಲುವೆಯರು, ಮರಳಲ್ಲಿ ಗುಂಡಿ ತೋಡಿ ಇರುವೆಗೆ ಹೊಂಚು ಹಾಕುವವರು, ತಿಂದುಳಿದ ಹುಳಗಳ ಸಿಪ್ಪೆಯನ್ನೇ ಬೆನ್ನ ಮೇಲೆ ಹೊತ್ತು ತಿರುಗುವವರು. ಇವರ ನಡುವೆ ಎಳ್ಳುಕಾಳಿನಷ್ಟು ಸಣ್ಣದೊಂದು ಬಳಗವಿದೆ. ಮೈತುಂಬ ಬಿಳಿ ಪುಡಿ ಬಳಿದುಕೊಂಡಿರುವುದರಿಂದ ಎಲ್ಲರೂ ಅದನ್ನು ಬೆಳೆ ಹಾಳುಮಾಡುವ ಬಿಳಿನೊಣ ಅಂದುಕೊಳ್ಳುತ್ತಾರೆ. ಪಾಪ, ಅದು ತಿನ್ನುವುದು ಎಲೆಯ ರಸ ಹೀರುವ ನುಸಿಗಳನ್ನು.

ಕುಂದಾಣದಲ್ಲಿ ನಮ್ಮತ್ತೆಯ ಹಿತ್ತಲಿನ ಚಕ್ಕೋತದ ಮರದಲ್ಲಿ ಅಂಥದೊಂದು ಸಿಕ್ಕಿತು. ಛತ್ರಿಯನ್ನು ತಲೆಕೆಳಗಾಗಿ ಹಿಡಿದು ಕೊಂಬೆಗೆ ಬಡಿದರೆ ಹುಳಗಳು ಅದರೊಳಗೆ ಉದುರುತ್ತವೆ. ಸೊಸೆಗೆ ಏನೋ ಆಗಿದೆ ಎಂದು ಅತ್ತೆಗೆ ಆಗಲೇ ಅನುಮಾನ. ಆದರೆ ಸಿಕ್ಕಿದ್ದು ಹೆಣ್ಣು. ಈ ಬಳಗದಲ್ಲಿ ಜಾತಿ ಖಚಿತವಾಗುವುದು ಗಂಡಿನ ಹೊಟ್ಟೆಯ ತುದಿ ನೋಡಿದರೆ. ನನ್ನ ಗುರುಗಳು ಹೆಣ್ಣನ್ನು ನೋಡಿ, ಇಂಥದ್ದನ್ನು ತಾವು ಕಂಡಿಲ್ಲ, ಗಂಡು ತಂದರೆ ಮಾತಾಡೋಣ ಅಂದರು. ಹೊಸದೊಂದು ಜಾತಿಯೇ ಕೈಗೆ ಸಿಕ್ಕಿದೆಯೋ ಏನೋ ಎಂದು ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದೊಡ್ಡಬಳ್ಳಾಪುರದಿಂದ ಅತ್ತೆಗೆ ಫೋನ್ ಮಾಡಿ, ಹಿಟ್ಟಿನ ಹುಳ ಕಂಡರೆ ಒಂದು ಸೀಸೆಗೆ ಹಾಕಿಡಿ ಅಂದೆ. ಮೈಮೇಲಿನ ಪುಡಿ ನೋಡಿ ನಾನೇ ಇಟ್ಟ ಹೆಸರು ಅದು. ಅತ್ತೆ, ಹಿಟ್ಟಿನ ಹುಳಾನಾ ಅಂತ ಎರಡು ಸಲ ಕೇಳಿ, ಆಗಲಿ ಅಂದರು. ನಮ್ಮ ಕಡೆ ಹಿಟ್ಟು ಅಂದರೆ ರಾಗಿ ಹಿಟ್ಟು, ಬೆಂದು ಮುದ್ದೆಯಾದರೂ ಹಿಟ್ಟೇ ಎಂಬುದು ನನಗೆ ಹೊಳೆಯಲೇ ಇಲ್ಲ.

ಮೂರು ವಾರ ಬಿಟ್ಟು ಹೋದಾಗ ಸೀಸೆ ಕೈಗಿಟ್ಟರು. ಒಳಗೆ ನಾಲ್ಕು ಕಂದು ಹುಳ, ರಾಗಿ ಹಿಟ್ಟಿನ ಸಮೇತ.

"ನಮ್ಮನೆ ಹಿಟ್ನಲ್ಲಿ ಹುಳ ಇಲ್ಲ ಕಣಮ್ಮ. ಮೂರು ಸಲ ಜರಡಿ ಹಿಡ್ದೆ. ಇವು ಪಕ್ಕದ ಮನೆಯೋರ ಹಿಟ್ಟಿನವು."

ನಗು ಬಂತು. ಅಷ್ಟರಲ್ಲಿ ಅವರು, ಚಕ್ಕೋತಕ್ಕೆ ಬಿಳಿ ಹುಳ ಬಿದ್ದಿತ್ತು, ನಿನ್ನೆ ಔಷಧಿ ಹೊಡೆಸಿದೆ ಅಂದರು. ನಾನು ಹುಡುಕುತ್ತಿದ್ದದ್ದೇ ಆ ಬಿಳಿ ಹುಳ. ಒಂದು ಮಾತು ಕೇಳಬಾರದಿತ್ತೇ ಎಂದು ಸಿಡುಕಿದೆ. ಅತ್ತೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು. ಮಧ್ಯಾಹ್ನವೆಲ್ಲ ಛತ್ರಿ ಹಿಡಿದು ಮರ ಬಡಿದೆ. ಎಲೆ ಬಿಟ್ಟು ಏನೂ ಉದುರಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಿದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಸಂಜೆ ಅತ್ತೆಯೇ ಬಂದು, ಅದೇನು ಹುಳ ತೋರಿಸು ಅಂದರು. ಜೊತೆಗೆ ತಂದಿದ್ದ ಆ ಹೆಣ್ಣು ಹುಳವನ್ನು ಭೂತಗನ್ನಡಿಯ ಕೆಳಗೆ ಇಟ್ಟೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಇವು ತುಳಸಿ ದೀಪದ ಎಣ್ಣೇಲಿ ದಿನಾ ಬಿದ್ದಿರ್ತವಲ್ಲ."

ದೀಪ ತೊಳೆಯುವುದು ಶುಕ್ರವಾರ ಬೆಳಿಗ್ಗೆ, ಅದು ಅವರ ಪದ್ಧತಿ. ಅಂದು ಗುರುವಾರ. ವಾರದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಉಳಿದದ್ದನ್ನು ಸ್ಪಿರಿಟ್‌ನಲ್ಲಿ ತೊಳೆದೆ. ಸೊಳ್ಳೆ, ನುಸಿ, ಕರಕಲು ಬತ್ತಿಯ ನಡುವೆ ನಮ್ಮವು ಐದಿದ್ದವು. ಬಿಳಿ ಪುಡಿಯೆಲ್ಲ ಹೋಗಿತ್ತು, ಆದರೆ ಒಂದು ಗಂಡು. ಹೊಟ್ಟೆಯ ತುದಿ ಚೂರೂ ಮುಕ್ಕಾಗಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಸಿಡುಕಿದ್ದು ತಪ್ಪಾಯ್ತು ಅಂತ ಅತ್ತೆಯ ಕೈ ಹಿಡಿದುಕೊಂಡೆ. ಇರ್ಲಿ ಬಿಡು ಅಂದರು.

ಗಂಡನ್ನು ನೋಡಿದ ಗುರುಗಳು, ಗೊತ್ತಿರುವ ಯಾವ ಜಾತಿಗೂ ಇದು ಹೊಂದುತ್ತಿಲ್ಲ ಅಂದರು. ಸೀಸೆಯೊಳಗೆ ಒಂದು ಚೀಟಿ ಇರಬೇಕು: ಊರು, ಗಿಡ, ಹಿಡಿದವರು ಯಾರು. ಹಿಡಿದವರ ಜಾಗದಲ್ಲಿ ಅತ್ತೆಯ ಹೆಸರು ಬರೆದು, ಚೀಟಿಯ ಮೇಲ್ಗಡೆ 'ಹಿಟ್ಟಿನ ಹುಳ' ಎಂದು ಹಾಕಿ, ಅವರಿಗೆ ಓದಿ ಹೇಳಿದೆ. ಖುಷಿಪಟ್ಟಾರು ಅಂದುಕೊಂಡಿದ್ದೆ. ಅವರು ಗಾಬರಿಯಾದರು.

"ದೀಪದಲ್ಲಿ ಸಿಕ್ತು ಅಂತಾನೂ ಬರಿಯಮ್ಮ. ನೋಡ್ದೋರು ನಮ್ಮನೆ ಹಿಟ್ನಲ್ಲಿತ್ತು ಅನ್ಕೊಂಡಾರು."