ಸೂರಿನ ಮೇಲೆಸೆದ ಹಲ್ಲು

ನಾನು ಹಲ್ಲಿನ ಡಾಕ್ಟರು. ಎಕ್ಸ್‌ರೇಯಲ್ಲಿ ಕಾಣದ್ದನ್ನು ನಂಬುವವನಲ್ಲ. ದೆವ್ವದ ಕತೆ ಹೇಳುವವರು ಸಿಕ್ಕರೆ, ಮೊದಲು ಬಾಯಿ ತೆಗೀರಿ, ನೋಡೋಣ ಎಂದು ಗೇಲಿ ಮಾಡುತ್ತಿದ್ದೆ. ಎಂಬತ್ತರ ದಶಕದ ಒಂದು ಸಂಜೆ ಆ ಗೇಲಿ ನಿಂತಿತು.

ಜಯನಗರ ನಾಲ್ಕನೇ ಬ್ಲಾಕಿನ ನನ್ನ ಕ್ಲಿನಿಕ್ಕಿಗೆ ಹನುಮಂತನಗರದಿಂದ ವೀಣಾ ಎಂಬ ಒಂಬತ್ತು ವರ್ಷದ ಹುಡುಗಿ ಅಜ್ಜಿಯ ಜೊತೆ ಬರುತ್ತಿದ್ದಳು. ಕುಂಟೆಬಿಲ್ಲೆ ಆಡುವಾಗ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಒಂದು ಹಲ್ಲು ಬೇರುಸಮೇತ ಕಿತ್ತು ಬಂದಿತ್ತು. ಅದನ್ನು ಕೂಡಲೇ ತಂದಿದ್ದರೆ ಮತ್ತೆ ಕೂರಿಸಲು ನೋಡುತ್ತಿದ್ದೆ. ಆದರೆ ಅಜ್ಜಿ ಹಾಲುಹಲ್ಲು ಎಂದುಕೊಂಡು, ಹೊಸದು ಬರಲಿ ಎಂದು ಸಗಣಿಯಲ್ಲಿ ಸುತ್ತಿ ಹೆಂಚಿನ ಸೂರಿನ ಮೇಲೆ ಎಸೆದುಬಿಟ್ಟಿದ್ದರು. ಅದು ಶಾಶ್ವತ ಹಲ್ಲು, ಇನ್ನು ಹೊಸದು ಬರುವುದಿಲ್ಲ ಎಂದು ನಾನು ಹೇಳಿದಾಗ ಪಾಪ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಪಕ್ಕದ ಹಲ್ಲಿಗೂ ಪೆಟ್ಟಾಗಿತ್ತು. ಅದನ್ನಾದರೂ ಉಳಿಸಬೇಕಿತ್ತು. ಒಳಗಿನ ನರ ಬದುಕಿದೆಯೋ ಇಲ್ಲವೋ ತಿಳಿಯಲು ತಿಂಗಳಿಗೊಮ್ಮೆ ಐಸ್ ಮುಟ್ಟಿಸಿ, ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತಿದ್ದೆ. ಗೊತ್ತಾದರೆ ವೀಣಾ ಕೈ ಎತ್ತಬೇಕು, ಅಷ್ಟೇ.

ಮೂರನೇ ತಿಂಗಳೂ ಕೈ ಏಳಲಿಲ್ಲ. ಹಲ್ಲಿನ ಬಣ್ಣವೂ ಕಪ್ಪಗಾಗಿತ್ತು. ಬೇಜಾರಿನಿಂದ ಕನ್ನಡಿ ಕೆಳಗಿಟ್ಟು, ಅವಳ ಕಾರ್ಡಿನಲ್ಲಿ ‘ಸತ್ತಿದೆ’ ಎಂದು ಬರೆದೆ. ಆಗ ಅವಳ ಕೈ ಎದ್ದಿತು. ಇಳಿಯಿತು. ಮತ್ತೆ ಎದ್ದಿತು.

“ಯಾರೂ ಮುಟ್ಟಿಲ್ವಲ್ಲ ಪುಟ್ಟಿ?”

“ತಟ್ತಾ ಇದಾರೆ ಅಂಕಲ್. ಇಲ್ಲಿ,” ಎಂದು ಹಲ್ಲಿಲ್ಲದ ಜಾಗಕ್ಕೆ ಬೆರಳಿಟ್ಟಳು. ಕಣ್ಣಲ್ಲಿ ನೀರಿತ್ತು.

ಅಜ್ಜಿ ಬಿಳಿಚಿಕೊಂಡರು. “ಡಾಕ್ಟ್ರೇ, ಮನೇಲಿ ಇವತ್ತು ಹೆಂಚು ರಿಪೇರಿ ನಡೀತಿದೆ.”

ಅವರ ಭ್ರಮೆ ಬಿಡಿಸೋಣವೆಂದೇ ಕಾರ್ಡಿನಲ್ಲಿದ್ದ ಅವರ ಪಕ್ಕದ ಮನೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸಿನ ದನಿಯ ಹಿಂದೆ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಟಕ್. ವೀಣಾಳ ಕೈ ಎದ್ದಿತು. ಟಕ್. ಮತ್ತೆ ಎದ್ದಿತು. ರಿಸೀವರನ್ನು ನಾನು ಕಿವಿಗೆ ಒತ್ತಿ ಹಿಡಿದಿದ್ದೆ. ಕೋಣೆಯ ಆ ಕಡೆ ಕೂತ ಮಗುವಿಗೆ ಅದು ಕೇಳಿಸುವಂತಿರಲಿಲ್ಲ. ಅಂಥ ಹೆದರಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

“ಸುತ್ತಿಗೆ ನಿಲ್ಸೋಕೆ ಹೇಳಿ ತಾಯಿ!” ಎಂದು ಕಿರುಚಿದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ವೀಣಾಳ ಕೈಯೂ ಮಡಿಲಿಗೆ ಇಳಿಯಿತು.

ಮರುದಿನ ಹೆಂಚುಗಳನ್ನೆಲ್ಲ ಇಳಿಸಿ ಹುಡುಕಿದರಂತೆ, ಹಲ್ಲು ಸಿಗಲಿಲ್ಲ. ಆ ಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಆ ಸಂಜೆ ಕ್ಲಿನಿಕ್ಕಿನಿಂದ ಹೊರಡುವಾಗ ಅಜ್ಜಿ ನನ್ನ ಪಕ್ಕಕ್ಕೆ ಬಂದು, “ಡಾಕ್ಟ್ರೇ, ಹಲ್ಲು ಸತ್ತಿದ್ಯಾ, ಬದುಕಿದ್ಯಾ?” ಎಂದು ಪಿಸುಗುಟ್ಟಿದ್ದರು. ಬಾಯಲ್ಲಿದ್ದ ಹಲ್ಲಿನ ವಿಷಯ ಆಗಲೇ ಬರೆದಾಗಿತ್ತು. ಅವರು ಕೇಳಿದ್ದು ಅದನ್ನಲ್ಲ. ಸೂರಿಗೆಸೆದ ಆ ಇನ್ನೊಂದು ಹಲ್ಲಿನ ಎದುರಿನ ಗೆರೆಯಲ್ಲಿ ಏನು ಬರೆಯಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.