ದೀಪ ಉರಿಯುತ್ತಿತ್ತು ಎಂದು ನಾನು ಹೇಳಿದೆ

ಜನವರಿಯ ಒಂದು ಸೋಮವಾರ, ಬೆಳಗಿನ ಐದೂವರೆಗೆ, ಗುಬ್ಬಿ ಬಸ್ ನಿಲ್ದಾಣದ ಎದುರಿನ ಕಾಫಿ ಅಂಗಡಿಯಿಂದ ನಾವು ಮೂವರು ಹಿಮ ನೋಡಲು ಹೊರಟೆವು. ಗಾಡಿ ಲೋಕೇಶನದು. ಅವನು ಅಮೃತೂರಿನವನು, ನಾನು ಅಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ನನ್ನ ವಿದ್ಯಾರ್ಥಿ. ಈಗ ನಲವತ್ತೊಂದು ವರ್ಷ, ಬಾಡಿಗೆಗೆ ಜೀಪು ಓಡಿಸುತ್ತಾನೆ. ಓಡಿಸುತ್ತಿದ್ದ ಎಂದು ಬರೆಯಬೇಕು. ಮೂರನೆಯವನು ಅವನ ಹೆಂಡತಿ ಸವಿತಾಳ ಅಣ್ಣ, ಕಡಬದ ಮಂಜಣ್ಣ. ಕೆರೆ ಹಿಂದೆ ಅವನ ತೆಂಗಿನ ತೋಟವಿದೆ. ನಾನು ಹಿಂದಿನ ವರ್ಷವಷ್ಟೇ ನಿವೃತ್ತನಾಗಿ ಗುಬ್ಬಿಯ ಮನೆಯಲ್ಲಿದ್ದೆ.

ಹಿಮದ ಮೇಲೆ ಒಂದು ಸಲ ಗಾಡಿ ಓಡಿಸಬೇಕು ಎನ್ನುವುದು ಲೋಕೇಶನ ಆಸೆ. ಬೇರೆ ಕಾರಣವೇನೂ ಇರಲಿಲ್ಲ. ಇಪ್ಪತ್ತು ವರ್ಷ ಕುಣಿಗಲ್ಲು, ತುಮಕೂರು, ಮದುವೆ, ತಿಥಿ, ಆಸ್ಪತ್ರೆ ಎಂದು ಬೇರೆಯವರ ಕೆಲಸಕ್ಕೇ ಸ್ಟೇರಿಂಗ್ ಹಿಡಿದಿದ್ದೀನಿ, ಒಂದು ಸಲ ನನ್ನ ಖುಷಿಗೆ ಹಿಡಿಯುತ್ತೀನಿ ಎಂದು ಹೇಳಿಕೊಂಡಿದ್ದ.

ಹೊರಡುವ ಹಿಂದಿನ ದಿನ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಗಾಡಿಯ ಹಳೆಯ ಹ್ಯಾಲೊಜೆನ್ ಬಲ್ಬುಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಿದೆವು. ಇದು ನನ್ನ ಸಲಹೆ. ಲೋಕೇಶನಿಗೆ ಅಷ್ಟು ಮನಸ್ಸಿರಲಿಲ್ಲ. "ಹಳೇದೇ ಚೆನ್ನಾಗೈತಲ್ಲ ಸಾ," ಎಂದ. ನಾನು ಅಂಗಡಿಯ ಮುಂದೆಯೇ ಪಾಠ ಶುರು ಮಾಡಿದೆ. ಹಳೆಯ ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ಬಹುಪಾಲು ಶಾಖವಾಗಿ ಪೋಲಾಗುತ್ತದೆ, ಎಲ್‌ಇಡಿ ತಣ್ಣಗಿನ ಬೆಳಕು, ಬೆಟ್ಟದ ರಸ್ತೆಗೆ ಅದೇ ಸರಿ ಎಂದೆ. ಹತ್ತನೇ ತರಗತಿಯಲ್ಲಿ ಇದೇ ಪಾಠವನ್ನು ಅವನಿಗೆ ಹೇಳಿದ್ದೆ. ಅವನು ನಕ್ಕು, ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದು ಅಂಗಡಿಯವನಿಗೆ ಕೈ ತೋರಿಸಿದ. ಹಳೆಯ ಬಲ್ಬುಗಳನ್ನು ಅಂಗಡಿಯಲ್ಲೇ ಬಿಟ್ಟೆವು.

ಮೊದಲ ದಿನ ಮಧುಗಿರಿ, ಪಾವಗಡದ ಮೇಲೆ ಅನಂತಪುರ ಸೇರಿ, ರಾತ್ರಿ ಹೈದರಾಬಾದಿನ ಹೊರಗೆ ತಂಗಿದೆವು. ಎರಡನೆಯ ದಿನ ನಾಗಪುರ. ಸವಿತಾ ಕಟ್ಟಿಕೊಟ್ಟಿದ್ದ ಚಟ್ನಿಪುಡಿ, ಹುರಿಗಾಳು, ರಾಗಿಹಿಟ್ಟು ಇದ್ದವು. ಮಂಜಣ್ಣ ತಂದಿದ್ದು ತನ್ನ ತೋಟದ ಕೊಬ್ಬರಿಯ ಗಾಣದ ಎಣ್ಣೆ, ಎರಡು ಬಾಟಲಿ. ತಲೆಗೆ, ಕಾಲಿಗೆ, ದೋಸೆಗೆ, ಕಿರುಗುಡುವ ಬಾಗಿಲಿಗೆ ಎಲ್ಲಕ್ಕೂ ಅವನಿಗೆ ಅದೊಂದೇ ಮದ್ದು. ಮೂರನೆಯ ರಾತ್ರಿ ಝಾನ್ಸಿಯಲ್ಲಿ ತಂಗಿ ಬೆಳಿಗ್ಗೆ ಎದ್ದಾಗ ಬಾಟಲಿಯೊಳಗೆ ಎಣ್ಣೆ ಬಿಳಿ ಕಲ್ಲಾಗಿತ್ತು. ಆಮೇಲೆ ದಿನವೂ ಅದನ್ನು ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿ ಕರಗಿಸುವುದು ನಮ್ಮ ತಮಾಷೆಯಾಯಿತು. ಲೋಕೇಶ ಅದಕ್ಕೆ ಮಂಜಣ್ಣನ ಕಾಶಿಲಿಂಗ ಎಂದು ಹೆಸರಿಟ್ಟ. ಈ ವಿಷಯವನ್ನು ಬೇಕೆಂದೇ ಬರೆಯುತ್ತಿದ್ದೇನೆ. ಚಳಿಯಲ್ಲಿ ಕೊಬ್ಬರಿ ಎಣ್ಣೆ ಏನಾಗುತ್ತದೆಂದು ನಾವು ಮೂವರೂ ಮೂರು ದಿನ ಕಣ್ಣಾರೆ ನೋಡಿದ್ದೆವು.

ಐದನೆಯ ದಿನ ಬಯಲು ಮುಗಿದು ಬೆಟ್ಟ ಶುರುವಾಯಿತು. ಆರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬೆಟ್ಟದ ನಡುವಿನ ಒಂದು ಸಣ್ಣ ಊರಿನಲ್ಲಿ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿಯನ್ನು ದಿನಕ್ಕೆ ಎಂಟುನೂರು ರೂಪಾಯಿ ಬಾಡಿಗೆಗೆ ತೆಗೆದುಕೊಂಡೆವು. ಆ ಊರಿನ ಹೆಸರು ಇಲ್ಲಿ ಬೇಡ. ಸರಪಳಿ ಕಟ್ಟಿಕೊಟ್ಟ ಮುದುಕ ಮೆಕ್ಯಾನಿಕ್ ನಮ್ಮ ದೀಪ ಹಾಕಿಸಿ, ಅದರ ಗಾಜಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನೋಡಿದ. ಹಳೆಯ ಬಲ್ಬು ಹಾಕಿಕೊಡುತ್ತೇನೆ, ಅರ್ಧ ಗಂಟೆಯ ಕೆಲಸ ಎಂದು ಹಿಂದಿಯಲ್ಲಿ ಹೇಳಿದ. ಹಿಮ ಬೀಳುವ ಜಾಗದಲ್ಲಿ ದೀಪಕ್ಕೆ ಸ್ವಲ್ಪ ಬೆಂಕಿ ಇರಬೇಕು ಸಾಹೇಬ್, ತಣ್ಣಗಿದ್ದರೆ ಅದು ಬಂದು ಕೂತುಬಿಡುತ್ತದೆ ಎಂದ. ನಾನು ನನ್ನ ಹರಕು ಹಿಂದಿಯಲ್ಲಿ ಅವನಿಗೂ ಶಾಖ ಪೋಲಾಗುವ ಪಾಠ ಹೇಳಿದೆ. ಅವನು ಕೇಳಿಸಿಕೊಂಡು, ತಲೆಯಾಡಿಸಿ, ಒಳಗೆ ಹೋದ.

ಒಂದೂವರೆಗೆ ಹಿಮ ಸಿಕ್ಕಿತು. ಲೋಕೇಶ ಗಾಡಿ ನಿಲ್ಲಿಸಿ, ಇಳಿದು, ಚಪ್ಪಲಿ ಬಿಚ್ಚಿ, ಬರಿಗಾಲಲ್ಲಿ ಅದರ ಮೇಲೆ ನಿಂತ. ಎರಡು ಕಾಲುಗಳ ಗುರುತು ಮೂಡಿತು. ಮಂಜಣ್ಣ ಅದರ ಫೋಟೋ ತೆಗೆದ. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ, ತೆರೆದು ನೋಡುವುದಿಲ್ಲ.

ಮೂರೂವರೆಗೆ ಇಳಿಯಲು ತಿರುಗಿದೆವು. ನಾಲ್ಕಕ್ಕೆ ಹಿಮ ಬೀಳತೊಡಗಿತು. ನಮ್ಮ ಕಡೆಯ ಮಳೆಗಿರುವ ಸದ್ದು ಅದಕ್ಕಿಲ್ಲ. ನಾಲ್ಕೂಮುಕ್ಕಾಲಿಗೆ ಬೆಳಕು ಕಡಿಮೆಯಾಗಿ ಲೋಕೇಶ ದೀಪ ಹಾಕಿದ. ಎರಡು ಕಿಲೋಮೀಟರ್ ಸಾಗುವಷ್ಟರಲ್ಲಿ ಮುಂದಿನ ರಸ್ತೆ ಮಸುಕಾಯಿತು. ಇಳಿದು ನೋಡಿದರೆ ಎರಡೂ ದೀಪಗಳ ಗಾಜಿನ ಮೇಲೆ ಒಂದು ಬೆರಳು ದಪ್ಪ ಹಿಮ. ಒರೆಸಿದೆವು. ಮತ್ತೆ ಒಂದು ಕಿಲೋಮೀಟರ್, ಮತ್ತೆ ಹಾಗೆಯೇ. ಗಾಜು ಮುಟ್ಟಿ ನೋಡಿದೆ. ಒಳಗೆ ಅಷ್ಟು ಬೆಳಕಿದ್ದರೂ ಹೊರಗೆ ಕೆರೆಯ ಕಲ್ಲಿನಷ್ಟು ತಣ್ಣಗಿತ್ತು. ಮೆಕ್ಯಾನಿಕ್ ಹೇಳಿದ್ದು ಆಗ ಅರ್ಥವಾಯಿತು. ನಾನು ಪೋಲು ಎಂದು ಮೂವತ್ತು ವರ್ಷ ಹೇಳಿದ ಶಾಖವೇ ಈ ಹಿಮವನ್ನು ಕರಗಿಸಬೇಕಾಗಿತ್ತು. ಅದನ್ನು ಇಬ್ಬರಿಗೂ ಹೇಳಲಿಲ್ಲ.

ಮೂರನೆಯ ಸಲ ಇಳಿದಾಗ ಮಂಜಣ್ಣ ಎಣ್ಣೆ ಬಾಟಲಿ ಹೊರತೆಗೆದ. ಕಡಬದ ಕಡೆ ಮಳೆಗಾಲದಲ್ಲಿ ಟ್ರ್ಯಾಕ್ಟರಿನ ದೀಪಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾರೆ. ಕೆಸರು ಅಂಟುವುದಿಲ್ಲ, ನೀರಿನ ಜೊತೆ ಜಾರಿಹೋಗುತ್ತದೆ. ಬಾನೆಟ್ ಎತ್ತಿ, ಎಂಜಿನ್ ಮೇಲೆ ಬಾಟಲಿ ಇಟ್ಟು ಕರಗಿಸಿದ.

"ಹಲಸಿನಣ್ಣು ಕುಯ್ಯಾಕ್ ಮುಂಚೆ ಕೈಗೆ ಎಣ್ಣೆ ಹಚ್ಕಳಲ್ವೇನ್ಲಾ? ಮೇಣ ಅಂಟ್ತದಾ? ಹಂಗೇ ಕಣೋ ಇದೂವೆ," ಎಂದ.

ಲೋಕೇಶ ನನ್ನ ಮುಖ ನೋಡಿದ. ಮೇಷ್ಟ್ರು ಏನು ಹೇಳುತ್ತಾರೆ ಎನ್ನುವ ನೋಟ. ನನ್ನ ಬೆರಳುಗಳು ಸೆಟೆದಿದ್ದವು, ಗಾಡಿಯೊಳಗೆ ಹೋಗಿ ಕೂತರೆ ಸಾಕಾಗಿತ್ತು. ಹಚ್ಚಿ ನೋಡಿ ಎಂದೆ.

ಎಣ್ಣೆ ಗಾಜಿಗೆ ತಗುಲಿದ ಕೂಡಲೇ ಹೆಪ್ಪುಗಟ್ಟಿತು. ಬಿಳಿಯ, ತೆಳುವಾದ, ತುಪ್ಪದಂಥ ಪದರ. ಹಿಮ ಅದರ ಮೇಲೆ ಬಂದು ಅಂಟಿತು. ಮೊದಲು ಕೈಯಿಂದ ಒರೆಸಿದರೆ ಉದುರುತ್ತಿದ್ದ ಹಿಮ ಈಗ ಉದುರಲಿಲ್ಲ. ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಏನೂ ಕಾಣದೆ, ಒಂದು ತಿರುವು ದಾಟಿ, ಎಡಬದಿಗೆ ಗಾಡಿ ನಿಲ್ಲಿಸಿದೆವು. ಆಗ ಐದು ಇಪ್ಪತ್ತು. ಎಂಜಿನ್ ಓಡುತ್ತಿತ್ತು. ದೀಪ ಹಾಕಿಯೇ ಇತ್ತು. ಲೋಕೇಶ ಪ್ಲಾಸ್ಟಿಕ್ ಸ್ಕೇಲೊಂದನ್ನು ಹಿಡಿದು ಇಳಿದ. ಕಿವಿ ಮುಚ್ಚುವ ಟೋಪಿ ಹಾಕಿದ್ದ. ಬಲಗಡೆಯ ದೀಪದ ಮುಂದೆ ಬಗ್ಗಿ, ರಸ್ತೆಗೆ ಬೆನ್ನು ಮಾಡಿ, ಎಣ್ಣೆ ಕೆರೆಯತೊಡಗಿದ. ಮಂಜಣ್ಣ ಹಿಂದಿನ ಸೀಟಿನಲ್ಲಿ ಬಟ್ಟೆ ಹುಡುಕುತ್ತಿದ್ದ. ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ.

ಎದುರಿನ ತಿರುವಿನಲ್ಲಿ ಎರಡು ಹಳದಿ ದೀಪಗಳು ಕಂಡವು. ಮೇಲೇರಿ ಬರುತ್ತಿದ್ದ ಒಂದು ಹಳೆಯ ಪಿಕಪ್. ವೇಗವಿರಲಿಲ್ಲ. ದೀಪಗಳು ಸ್ವಚ್ಛವಾಗಿದ್ದವು, ಗಾಜಿನಿಂದ ನೀರು ತೊಟ್ಟಿಕ್ಕುವುದೂ ಕಾಣುವಷ್ಟು ಹತ್ತಿರ ಬಂದವು. ನಾನು ನಮ್ಮ ಡ್ಯಾಶ್‌ಬೋರ್ಡ್ ನೋಡಿದೆ. ದೀಪ ಉರಿಯುತ್ತಿದೆ ಎನ್ನುವ ನೀಲಿ ಗುರುತು ಅಲ್ಲಿತ್ತು. ಪಿಕಪ್‌ನವನಿಗೆ ನಾವು ಕಾಣುತ್ತೇವೆ ಎಂದುಕೊಂಡೆ. ಹಾರ್ನ್ ನನ್ನ ಕೈಗೆ ಎಟುಕುತ್ತಿತ್ತು. ಒತ್ತಲಿಲ್ಲ. ಕೂಗಲೂ ಇಲ್ಲ. ನಾಲ್ಕೈದು ಸೆಕೆಂಡು ಇದ್ದಿರಬೇಕು. ಪಿಕಪ್ ತಟ್ಟನೆ ಬ್ರೇಕ್ ಹಾಕಿ, ಜಾರಿ, ಅಡ್ಡಡ್ಡಲಾಗಿ ಬಂದು ನಮ್ಮ ಬಂಪರಿಗೆ ತಗುಲಿತು. ದೊಡ್ಡ ಸದ್ದೇನೂ ಆಗಲಿಲ್ಲ. ಎರಡು ಬಂಪರುಗಳ ನಡುವೆ ಲೋಕೇಶನ ಬಲಗಾಲಿತ್ತು.

ಪಿಕಪ್‌ನವನು ಮೂವತ್ತರ ಒಳಗಿನವನು, ಖಾಲಿ ಹಾಲಿನ ಕ್ಯಾನುಗಳನ್ನು ಮೇಲಿನ ಹಳ್ಳಿಗೆ ಒಯ್ಯುತ್ತಿದ್ದ. ಇಳಿದು ಬಂದವನೇ ತನ್ನ ಕೋಟು ಬಿಚ್ಚಿ ಲೋಕೇಶನಿಗೆ ಹೊದಿಸಿದ. ಕ್ಯಾನುಗಳನ್ನು ರಸ್ತೆ ಬದಿಗೆ ಎಸೆದು ಅದೇ ಗಾಡಿಯಲ್ಲಿ ಮಲಗಿಸಿಕೊಂಡು, ಹದಿನೆಂಟು ಕಿಲೋಮೀಟರ್ ಕೆಳಗಿನ ಆಸ್ಪತ್ರೆಗೆ ಮುಟ್ಟಿಸಿದ. ದಾರಿಯುದ್ದಕ್ಕೂ ಒಂದೇ ಮಾತು: "ಬತ್ತಿ ನಹೀಂ ಥೀ ಸಾಬ್, ಬತ್ತಿ ನಹೀಂ ಥೀ." ದೀಪ ಇರಲಿಲ್ಲ, ದೀಪ ಇರಲಿಲ್ಲ.

ಮಾರನೆಯ ದಿನ ಲೋಕೇಶನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆ ಮಧ್ಯಾಹ್ನ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಒಬ್ಬ ಪೊಲೀಸು ನನ್ನ ಹೇಳಿಕೆ ಬರೆದುಕೊಂಡ. ಸಭ್ಯ ಮನುಷ್ಯ. ನಿಮ್ಮ ಗಾಡಿಯ ದೀಪ ಉರಿಯುತ್ತಿತ್ತೇ ಎಂದು ಕೇಳಿದ. ಉರಿಯುತ್ತಿತ್ತು ಎಂದೆ. ಖಂಡಿತವೇ ಎಂದು ಮತ್ತೆ ಕೇಳಿದ. ಖಂಡಿತ ಎಂದೆ. ಹೊರಗಿನವರಿಗೆ ಕಾಣುತ್ತಿತ್ತೇ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಕೇಳಿದಷ್ಟಕ್ಕೆ ಮಾತ್ರ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದವನು ನಾನು. ವರಾಂಡದ ಆ ತುದಿಯಲ್ಲಿ ಪಿಕಪ್‌ನವನು ಕೋಟಿಲ್ಲದೆ ನಿಂತಿದ್ದ. ಸಂಜೆಯೊಳಗೆ ಅವನ ಲೈಸೆನ್ಸನ್ನೂ ಗಾಡಿಯನ್ನೂ ವಶಕ್ಕೆ ತೆಗೆದುಕೊಂಡರು. ಕೋಟು ಲೋಕೇಶನ ಮಂಚದ ಕೆಳಗೇ ಉಳಿಯಿತು.

ಹನ್ನೆರಡು ದಿನಗಳ ಮೇಲೆ ನಾನೂ ಲೋಕೇಶನೂ ರೈಲಿನಲ್ಲಿ ಊರಿಗೆ ಬಂದೆವು. ಜೀಪನ್ನು ರಿಪೇರಿ ಮಾಡಿಸಿ, ಡ್ರೈವರೊಬ್ಬನನ್ನು ಗೊತ್ತುಮಾಡಿ, ಮಂಜಣ್ಣ ರಸ್ತೆಯಲ್ಲಿ ತಂದ. ಒಡೆದ ಬಲಗಡೆಯ ದೀಪ ಬದಲಾಯಿತು. ಎಡಗಡೆಯದನ್ನು ಯಾರೂ ಮುಟ್ಟಲಿಲ್ಲ. ಊರಿನಲ್ಲಿ ಎಲ್ಲರಿಗೂ ಕಥೆ ಒಂದೇ ಆಗಿತ್ತು: ದೀಪ ಹಾಕಿಕೊಂಡು ಬದಿಯಲ್ಲಿ ನಿಂತ ಗಾಡಿಗೆ ಬೆಟ್ಟದವನೊಬ್ಬ ಬಂದು ಗುದ್ದಿದ, ಕುಡಿದಿದ್ದನೋ ಏನೋ. ಕುಡಿದಿರಲಿಲ್ಲ. ಅದನ್ನೂ ನಾನು ಹೇಳಲಿಲ್ಲ.

ಯುಗಾದಿ ಕಳೆದ ವಾರ ಎರಡನೆಯ ಹೇಳಿಕೆಯನ್ನು ಬರೆದೆ. ಆ ಬೆಟ್ಟದೂರಿನ ಪೊಲೀಸರಿಗೆ ಕಳಿಸುವ ಮುಂಚೆ ಲೋಕೇಶನಿಗೆ ಓದಿ ಹೇಳಬೇಕಿತ್ತು. ಅವನಿಗೆ ಬರಬೇಕಾದ ಪರಿಹಾರ ನನ್ನ ಮೊದಲ ಹೇಳಿಕೆಯ ಮೇಲೆ ನಿಂತಿತ್ತು. ಗುಬ್ಬಿಯಿಂದ ಕಡಬದ ಮೇಲೂ ಕುಣಿಗಲ್ಲಿಗೆ ಹೋಗಬಹುದು. ಮಂಜಣ್ಣ ಎದುರಾದಾನೆಂದು ತುಮಕೂರು ಸುತ್ತಿ ಹೋದೆ. ಕುಣಿಗಲ್ಲಿನಿಂದ ಅಮೃತೂರಿಗೆ ಖಾಸಗಿ ಬಸ್ಸು. ಬಿಸಿಲಿಗೆ ಸೀಟಿನ ಕಬ್ಬಿಣ ಸುಡುತ್ತಿತ್ತು. ಹನ್ನೊಂದೂವರೆಗೆ ಇಳಿದೆ.

ಲೋಕೇಶ ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಸವಿತಾ ಮಜ್ಜಿಗೆ ತಂದುಕೊಟ್ಟು, ಬಾಗಿಲಿಗೆ ಒರಗಿ ನಿಂತಳು. ನಾನು ಕಾಗದ ತೆಗೆದು ಓದಿದೆ. ದೀಪ ಉರಿಯುತ್ತಿತ್ತು, ಆದರೆ ಅದರ ಮೇಲೆ ಹಿಮ ಮತ್ತು ನಾವೇ ಹಚ್ಚಿದ ಎಣ್ಣೆ ಕೂತು ಹೊರಗೆ ಕಾಣುತ್ತಿರಲಿಲ್ಲ. ಎದುರಿನ ಗಾಡಿ ಬರುವುದು ನನಗೆ ಮೊದಲೇ ಕಂಡಿತ್ತು. ನಾನು ಹಾರ್ನ್ ಒತ್ತಲಿಲ್ಲ, ಕೂಗಲಿಲ್ಲ. ಚಾಲಕನ ತಪ್ಪಿಲ್ಲ.

ಸವಿತಾ ಒಳಗೆ ಹೋದಳು. ದೀಪ ಮುಚ್ಚಿತ್ತೆಂದು ತನಗೆ ಗೊತ್ತಿಲ್ಲವೇ, ಅದನ್ನು ಕೆರೆಯುತ್ತಿದ್ದವನೇ ತಾನಲ್ಲವೇ ಎಂದ ಲೋಕೇಶ. ಹಲಸಿನ ಹಣ್ಣಿನ ಕಥೆ ನೆನೆಸಿಕೊಂಡು ಸಣ್ಣಗೆ ನಕ್ಕ ಕೂಡ. ನಗು ನಿಂತ ಮೇಲೆ ಕೇಳಿದ:

"ಗಾಡಿ ಬರೋದು ಕಂಡಿತ್ತಾ ಸಾ ನಿಮ್ಗೆ?"

"ಕಂಡಿತ್ತು."

"ಎಷ್ಟೊತ್ತು ಮುಂಚೆ?"

"ನಾಲ್ಕೈದು ಸೆಕೆಂಡು."

ಅವನು ತನ್ನ ಎಡಗಾಲನ್ನು ನೋಡುತ್ತಾ ಏನನ್ನೋ ಲೆಕ್ಕ ಹಾಕುವವನಂತೆ ಕೂತ. ನಾಲ್ಕೈದು ಸೆಕೆಂಡಿನಲ್ಲಿ ಒಬ್ಬ ಮನುಷ್ಯ ಎಷ್ಟು ದೂರ ಜಿಗಿಯಬಹುದು ಎಂಬ ಲೆಕ್ಕ ಅದೆಂದು ನನಗೆ ತಿಳಿಯಿತು. ಅದನ್ನು ಕಲಿಸಿದವನೂ ನಾನೇ.

"ಕಳ್ಸಿ ಸಾ," ಎಂದ. "ಪಾಪ, ಅವ್ನದೇನೈತೆ. ಕೋಟೂ ಒಳಗೈತೆ, ಸವಿತಾ ಒಗ್ದವ್ಳೆ, ಅದ್ನೂ ಜೊತೆಗೇ ಕಳ್ಸಿ." ಆಮೇಲೆ ದನಿ ಏರಿಸದೆ ಹೇಳಿದ: "ಆದ್ರೆ ನೀವು ಇನ್ನು ಈ ಕಡೆ ಬರ್ಬೇಡಿ. ಬಂದ್ರೆ ನಾನು ಮಾತಾಡಿಸ್ಬೇಕಾಯ್ತದೆ. ನನ್ ಕೈಲಾಗಲ್ಲ."

ಸವಿತಾ ಕೋಟನ್ನು ಮಡಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟಳು. ನನ್ನ ಮುಖ ನೋಡಲಿಲ್ಲ. ಮಜ್ಜಿಗೆ ಲೋಟ ಖಾಲಿ ಮಾಡಿಟ್ಟು ಎದ್ದೆ.

ಜೀಪು ಅಂಗಳದ ಹೊಂಗೆ ಮರದಡಿ ನಿಂತಿತ್ತು. ಎಡಗಡೆಯ ದೀಪದ ಮೇಲಿನ ಎಣ್ಣೆ ದಾರಿಯಲ್ಲೆಲ್ಲೋ ಬಿಸಿಲು ಬಂದ ಕಡೆ ಕರಗಿ, ಬಂಪರಿನವರೆಗೂ ಇಳಿದಿತ್ತು. ಆ ಗೆರೆಗಳಿಗೆ ಏಳು ರಾಜ್ಯಗಳ ಧೂಳು ಅಂಟಿ ಕಪ್ಪಾಗಿತ್ತು. ಗಾಜು ಮಾತ್ರ ಪೂರ್ತಿ ತಿಳಿಯಾಗಿತ್ತು. ಕುಣಿಗಲ್ ಬಸ್ಸು ಹತ್ತಿ ಹಿಂದಿನ ಕಿಟಕಿಯಿಂದ ನೋಡಿದೆ. ಲೋಕೇಶ ಕುರ್ಚಿಯನ್ನು ರಸ್ತೆಗೆ ಬೆನ್ನಾಗುವಂತೆ ತಿರುಗಿಸಿಕೊಂಡು ಕೂತಿದ್ದ. ಕುಣಿಗಲ್ಲಿನ ಅಂಚೆ ಕಚೇರಿಯಲ್ಲಿ ಕಾಗದವನ್ನು ರಿಜಿಸ್ಟರ್ ಮಾಡಿಸಿದೆ. ಕೋಟಿನ ಪೊಟ್ಟಣಕ್ಕೆ ವಿಳಾಸ ಬರೆಯಲು ಹೋದಾಗ, ಆ ಮನುಷ್ಯನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ ಎನ್ನುವುದು ಗೊತ್ತಾಯಿತು. ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಗುಬ್ಬಿಗೆ ಬಂದೆ.