ಖಾಲಿ ಕೋಣೆಗೆ ಮಂಚ ಹಾಕುವ ಪರದೆಯಕ್ಕ

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಆ ಮನೆಯಲ್ಲಿ ಒಂದು ಚಾಪೆಯೂ ಇಲ್ಲ. ಇದ್ದವರು ಬಿಟ್ಟು ಹೋಗಿ ಎಂಟು ತಿಂಗಳಾಗಿದೆ. ಗೋಡೆಯಲ್ಲಿ ಫೋಟೊಗಳು ತೂಗುತ್ತಿದ್ದ ಕಡೆ ಬಣ್ಣ ಮಾಸದೆ ಉಳಿದ ಚೌಕಗಳಿವೆ. ಕಿಟಕಿಯ ಕಟ್ಟೆಯ ಮೇಲೆ ದಿನಾ ಒಂದೇ ಜಾಗದಲ್ಲಿ ಲೋಟ ಇಟ್ಟಿಟ್ಟು ಮೂಡಿದ ಉಂಗುರದಂಥ ಕಲೆಯಿದೆ. ಪರದೆಯಕ್ಕ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ, ಹಾಲ್‌ನ ನಟ್ಟನಡುವೆ ನೆಲದ ಮೇಲೆ ಕೂರುತ್ತಾರೆ. ಕೈಯಲ್ಲಿ ಅಳತೆ ಟೇಪು, ಮಡಿಲಲ್ಲಿ ಮೊಬೈಲು.

ಬೆಳಕು ಮೊದಲು ಬೂದಿ ಬಣ್ಣದಲ್ಲಿ ಇಣುಕುತ್ತದೆ. ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿ, ಅಂಬೆಗಾಲಿಡುತ್ತ ಅವರ ಪಾದದವರೆಗೂ ಬರುತ್ತದೆ. ಅವರು ಆ ಗೆರೆಯನ್ನೇ ನೋಡುತ್ತಿದ್ದಾರೆ.

“ಸೂರ್ಯ ಯಾವ ಕಡೆಯಿಂದ ಬರ್ತಾನೆ ಅಂತ ತಿಳ್ಕೊಳ್ದೆ ಕುರ್ಚಿ ಇಟ್ರೆ ನೆರಳು ಉಲ್ಟಾ ಬೀಳುತ್ತೆ” ಎನ್ನುತ್ತಾರೆ ಪಿಸುದನಿಯಲ್ಲಿ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೇನೋ ಎಂಬಂತೆ. “ನೋಡೋರಿಗೆ ಏನು ತಪ್ಪಾಗಿದೆ ಅಂತ ಗೊತ್ತಾಗಲ್ಲ. ಆದ್ರೆ ಮನಸ್ಸಿಗೆ ಏನೋ ಇರಿಸುಮುರಿಸು.”

ಈ ಮನೆಗೆ ಅವರು ತರುವ ಕುರ್ಚಿಯನ್ನು ಯಾರೂ ಹೊರಬೇಕಾಗಿಲ್ಲ. ಮಾರಾಟಕ್ಕಿಟ್ಟ ಖಾಲಿ ಮನೆಯ ಫೋಟೊ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಅದರೊಳಗೆ ಸೋಫಾ, ಮಂಚ, ದೀಪ, ಕಂಬಳಿ ಎಲ್ಲವನ್ನೂ ಕೂರಿಸಿ, ಕೊಳ್ಳಬಯಸುವವರು ನೋಡುವ ಜಾಹೀರಾತಿಗೆ ಸಿದ್ಧಪಡಿಸುವುದು ಅವರ ಕೆಲಸ. “ಖಾಲಿ ಕೋಣೆ ಕಂಡ್ರೆ ಜನಕ್ಕೆ ದಿಗಿಲು. ಒಂದು ಮಂಚ, ಒಂದು ದಿಂಬು ತೋರಿಸಿ, ‘ಓ, ಇಲ್ಲಿ ಮಲಗ್ಬೋದಲ್ಲ’ ಅಂತಾರೆ. ಅಷ್ಟೇ ನನ್ನ ಕೆಲಸ.”

ಪರದೆಯಕ್ಕ ಎಂಬ ಹೆಸರು ಹಳೆಯ ಕಸುಬಿನಿಂದ ಬಂದದ್ದು. ಇಪ್ಪತ್ತೆರಡು ವರ್ಷ ಒಂದು ಬಟ್ಟೆ ಅಂಗಡಿಯ ಹಿಂಭಾಗದಲ್ಲಿ ಕೂತು ಕಿಟಕಿ ಪರದೆ ಹೊಲಿದವರು ಅವರು. ನಲವತ್ತೆರಡನೇ ವಯಸ್ಸಿನಲ್ಲಿ ಬಲಭುಜ ಹಿಡಿದುಕೊಂಡಿತು, ಹೊಲಿಗೆ ಯಂತ್ರದ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಅಕ್ಕನ ಮಗಳು ಹಳೆಯ ಕಂಪ್ಯೂಟರೊಂದನ್ನು ತಂದಿಟ್ಟು, ಎಡಗೈಯಲ್ಲಿ ಮೌಸ್ ಹಿಡಿಯಲು ಕಲಿಸಿದಳು.

“ಮೌಸ್ ಅಂದ್ರೆ ಹಾವು ಹಿಡ್ದಂಗಾಗ್ತಿತ್ತು. ನನ್ನ ಮೊದಲ್ನೇ ಸೋಫಾ ನೆಲದಿಂದ ಒಂದು ಗೇಣು ಮೇಲೆ ತೇಲ್ತಾ ಇತ್ತು. ಅವಳು ಬಿದ್ದು ಬಿದ್ದು ನಕ್ಕಳು. ‘ಚಿಕ್ಕಮ್ಮ, ಇದು ಸೋಫಾನೋ ವಿಮಾನಾನೋ?’”

ಏಳು ವರ್ಷವಾಯಿತು. ದಿನಕ್ಕೆ ಆರೇಳು ಕೋಣೆ, ಒಂದೊಂದಕ್ಕೂ ಮುಕ್ಕಾಲು ಗಂಟೆ. ಈವರೆಗೆ ತುಂಬಿಸಿದ ಕೋಣೆಗಳು ಹನ್ನೊಂದು ಸಾವಿರ ದಾಟಿರಬೇಕು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅಡುಗೆಮನೆ ಬಾಗಿಲಿನ ಪಕ್ಕದ ಪುಟ್ಟ ಮೇಜೇ ಅವರ ಕಾರ್ಖಾನೆ. ಲಿಫ್ಟ್ ರಿಪೇರಿ ಮಾಡುವ ಗಂಡ ಬೆಳಿಗ್ಗೆ ಡಬ್ಬಿ ಹಿಡಿದು ಹೊರಟರೆ ಮನೆಯಲ್ಲಿ ಉಳಿಯುವುದು ಇವರು ಮತ್ತು ಅತ್ತೆ. ನಾನು ಹೋದ ದಿನ ಅತ್ತೆ ಕೂರಲು ಕುರ್ಚಿ ಎಳೆದುಕೊಟ್ಟು, “ಹುಷಾರಾಗಿ ಕೂತ್ಕೊಳ್ಳಿ” ಎಂದು ಎಚ್ಚರಿಸಿದರು. “ಊರವರಿಗೆಲ್ಲ ಸೋಫಾ ಹಾಕ್ತಾಳೆ, ನಮ್ಮನೆ ಕುರ್ಚಿ ಕಾಲು ಅಲ್ಲಾಡ್ತಾನೇ ಇದೆ. ಕಂಪ್ಯೂಟರಲ್ಲೇ ಒಂದು ಮೊಳೆ ಹೊಡೀಯಮ್ಮಾ ಅಂತ ಹೇಳಿ ಹೇಳಿ ಸಾಕಾಯ್ತು.” ಸೊಸೆ ತಲೆಯೆತ್ತದೆ ನಕ್ಕರು. ಆಗ ಅವರು ಕಂಪ್ಯೂಟರಿನಲ್ಲಿ ಕಿಟಕಿ ಪರದೆಯ ನೆರಿಗೆ ಬಿಡಿಸುತ್ತಿದ್ದರು. ಸಿದ್ಧ ಪರದೆಯ ಚಿತ್ರಗಳನ್ನು ಅವರು ಬಳಸುವುದಿಲ್ಲ. “ಬಟ್ಟೆ ಹೇಗೆ ಇಳಿಬೀಳುತ್ತೆ ಅನ್ನೋದು ನನ್ನ ಕೈಗೆ ಗೊತ್ತು. ಅದಕ್ಕೆ ಗೊತ್ತಿಲ್ಲ.” ‘ಅದು’ ಎಂದರೆ ಅರ್ಧ ನಿಮಿಷದಲ್ಲಿ ತಾನೇ ಮನೆ ತುಂಬಿಸಿಬಿಡುವ ಹೊಸ ತಂತ್ರಾಂಶ. ಮೊನ್ನೆ ಅದು ಬಚ್ಚಲಿನ ಬಾಗಿಲಿಗೆ ಅಡ್ಡವಾಗಿ ಪುಸ್ತಕದ ಕಪಾಟು ಇಟ್ಟಿತ್ತಂತೆ.

ಕೆಲಸ ಹಿಡಿದ ಮೂರನೇ ವರ್ಷ ನಡೆದದ್ದೊಂದನ್ನು ಅವರು ತಾವಾಗಿಯೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ಆಗ ಅವರಿಗೆ ಹೆಚ್ಚು ಕೆಲಸ ಕೊಡುತ್ತಿದ್ದವನು ಮನೆ ಮಾರಿಸುವ ಒಬ್ಬ ದೊಡ್ಡ ದಲ್ಲಾಳಿ. ಒಂದು ಮನೆಯ ಮಲಗುವ ಕೋಣೆ ತೀರಾ ಇಕ್ಕಟ್ಟಾಗಿತ್ತು. “ಮಂಚ ಒಂಚೂರು ಕುಗ್ಗಿಸಿ, ಕೋಣೆ ದೊಡ್ಡದಾಗಿ ಕಾಣ್ಲಿ” ಎಂದ. ಇವರು ಒಂದೂವರೆ ಗೇಣು ಕುಗ್ಗಿಸಿದರು. ಮನೆ ಹತ್ತೇ ದಿನದಲ್ಲಿ ಮಾರಾಟವಾಯಿತು.

ಎರಡು ತಿಂಗಳ ಮೇಲೆ ಒಂದು ಫೋನು. ಆ ಮನೆ ಕೊಂಡ ನರ್ಸ್ ದಲ್ಲಾಳಿಯ ಕಚೇರಿಯಿಂದ ನಂಬರು ಪಡೆದಿದ್ದರು. “ಫೋಟೊ ಮಾಡಿದ್ದು ನೀವೇನಾ? ನಮ್ಮ ಮಂಚ ಹಾಕಿದ್ರೆ ಬಾಗಿಲೇ ತೆರೀತಿಲ್ಲ. ನಿಮ್ಮ ಮಂಚ ಹೇಗೆ ಹಿಡೀತು, ಸ್ವಲ್ಪ ಹೇಳ್ತೀರಾ?”

“ಬೈದಿದ್ರೆ ಬೈಸ್ಕೊಂಡು ಸುಮ್ನಾಗ್ತಿದ್ದೆ. ಅವರು ನಿಜವಾಗ್ಲೂ ಕೇಳ್ತಾ ಇದ್ರು. ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು” ಎನ್ನುತ್ತಾರೆ ಪರದೆಯಕ್ಕ.

ಮರುದಿನವೇ ಟೇಪು ಹಿಡಿದು ಹೋದರು. ಮಂಚವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ನರ್ಸಿನ ತಂದೆ ಬಡಗಿಯಾಗಿದ್ದರು, ಮಗಳ ಮದುವೆಗೆಂದು ತಾವೇ ಕೂತು ಮಾಡಿದ ಮಂಚ ಅದು. ಅವರು ತೀರಿಹೋಗಿ ನಾಲ್ಕು ವರ್ಷ. ಬೇರೆ ದಾರಿ ಕಾಣದೆ ಅದನ್ನು ಒಂದೂವರೆ ಗೇಣು ಕೊಯ್ಯಿಸಲು ಗಂಡ ಹೆಂಡತಿ ತೀರ್ಮಾನಿಸಿದ್ದರು. ಸಂಜೆಗೆ ಬಡಗಿ ಬರುವವನಿದ್ದ.

“ಮನೆ ಬಂದು ನೋಡಿದ್ವಿ ನಾವು” ಎಂದರಂತೆ ನರ್ಸ್. “ಆದ್ರೆ ಅಳೀಬೇಕು ಅಂತ ಹೊಳೀಲೇ ಇಲ್ಲ. ನಿಮ್ಮ ಫೋಟೊ ಕಣ್ಣಲ್ಲಿ ಕೂತ್ಬಿಟ್ಟಿತ್ತು.”

“ಮಂಚ ಕುಗ್ಗಿಸಿದ್ದು ನಾನೇ” ಎಂದುಬಿಟ್ಟರು ಇವರು.

“ಅವರು ಒರಗಿಸಿಟ್ಟ ಮಂಚದ ಕಡೆ ಒಂದ್ಸಲ ನೋಡಿದ್ರು. ಆಮೇಲೆ, ‘ಟೇಪಿನ ಆ ತುದಿ ಕೊಡಿ, ನಾನು ಹಿಡ್ಕೋತೀನಿ’ ಅಂದ್ರು.”

ಇಬ್ಬರೂ ಮೂರು ಗಂಟೆ ಆ ಕೋಣೆಯನ್ನು ಅಳೆದರು. ಮಂಚವನ್ನು ಉದ್ದಕ್ಕೆ ಹಾಕಿ, ಅಡ್ಡಕ್ಕೆ ಹಾಕಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ನೋಡಿದರು. ಹೇಗೆ ಹಾಕಿದರೂ ಬಾಗಿಲಿಗೆ ತಾಗುತ್ತಿತ್ತು. ಕಡೆಗೆ ಪರದೆಯಕ್ಕ ಗೀಟು ನೋಡುವುದನ್ನು ಬಿಟ್ಟು ಬಾಗಿಲನ್ನೇ ನೋಡಿದರು. ಅದು ಒಳಕ್ಕೆ ತೆರೆಯುತ್ತಿತ್ತು. ಹೊರಕ್ಕೆ ತೆರೆದರೆ? ಸಂಜೆ ಮಂಚ ಕೊಯ್ಯಲು ಬಂದ ಬಡಗಿ ಗರಗಸವನ್ನು ಚೀಲದಿಂದ ತೆಗೆಯಲೇ ಇಲ್ಲ. ಬಾಗಿಲಿನ ತಿರುಗಣಿ ಬಿಚ್ಚಿ ಹೊರಮುಖವಾಗಿ ಕೂರಿಸಿದ. ಮಂಚ ಒಳಗೆ ಹೋಯಿತು, ಪಕ್ಕದಲ್ಲಿ ನಾಲ್ಕು ಬೆರಳು ಜಾಗವೂ ಉಳಿಯಿತು.

ಅಂದಿನಿಂದ ಪ್ರತಿ ಮನೆಗೂ ತಾವೇ ಹೋಗಿ ಅಳೆಯುತ್ತಾರೆ. ಪ್ರತಿ ಚಿತ್ರದ ಅಡಿಯಲ್ಲೂ ‘ಸಾಮಾನು ಕಲ್ಪನೆಯದು, ಅಳತೆ ನಿಜ’ ಎಂದು ಬರೆಯುತ್ತಾರೆ. ದಲ್ಲಾಳಿಗೆ ಇದು ಹಿಡಿಸಲಿಲ್ಲ. “ಕನಸು ಮಾರೋ ಕಡೆ ಅಳತೆಪಟ್ಟಿ ಯಾಕಮ್ಮಾ?” ಎಂದು ಕೆಲಸ ನಿಲ್ಲಿಸಿದ. ಐದು ತಿಂಗಳು ಕೈ ಬರಿದು. ಅಂಗಡಿಯಿಂದ ಪರದೆಯ ಅಂಚು ತಂದು ಕೈಯಲ್ಲೇ ಹೊಲಿಯಲು ಕೂತರು, ಭುಜ ಮತ್ತೆ ಬಾತುಕೊಂಡಿತು. ಚಿತ್ರದಡಿಯ ಆ ಸಾಲೊಂದನ್ನು ತೆಗೆದುಬಿಡಲೇ ಎಂದು ಒಂದು ದಿನ ಗಂಡನನ್ನು ಕೇಳಿದರಂತೆ. ಆತ ಊಟದ ತಟ್ಟೆಯಿಂದ ಕಣ್ಣೆತ್ತದೆ, “ಲಿಫ್ಟಲ್ಲಿ ಎಷ್ಟು ಜನ ಹತ್ತಬೋದು ಅಂತ ಬರ್ದಿರ್ತೀವಿ. ಅದನ್ನ ಸುಳ್ಳು ಬರೆದ್ರೆ ಏನಾಗುತ್ತೆ? ನೀನು ಬರಿ” ಎಂದರು.

ಕೆಲಸ ನಿಧಾನಕ್ಕೆ ಮರಳಿ ಬಂತು. ಮೊದಲು ಕೊಟ್ಟವರು, ಒಂದು ಸ್ಕೂಟರು ಬಿಟ್ಟರೆ ಕಚೇರಿಯೇ ಇಲ್ಲದ ಹೊಸ ದಲ್ಲಾಳಿ ಹೆಂಗಸು. “ಇವರ ಫೋಟೊ ಹಾಕಿದ್ರೆ ಫೋನ್ ಕಡಿಮೆ ಬರುತ್ತೆ. ಆದ್ರೆ ಬಂದವರು ತಿರುಗಿ ಹೋಗಲ್ಲ” ಎನ್ನುತ್ತಾರೆ ಆಕೆ. ಹಳೆಯ ದಲ್ಲಾಳಿಯೂ ಈಗ ಆಗಾಗ ಕೀಲಿಕೈ ಕಳಿಸುತ್ತಾನೆ. ಮಾತಿಲ್ಲ, ಬರೀ ಕೀಲಿಕೈ.

ಇಷ್ಟು ಕೋಣೆಗಳನ್ನು ತುಂಬಿಸಿದವರ ನಿದ್ದೆ ಹೇಗಿರುತ್ತದೆ? “ಮನೆಗಳೇ ಬರ್ತವೆ” ಎನ್ನುತ್ತಾರೆ. ಕನಸಿನಲ್ಲಿ ಒಂದು ಬಾಗಿಲು ತೆರೆದರೆ ಒಂದು ಕೋಣೆ, ಅದರಾಚೆ ಇನ್ನೊಂದು. ಎಲ್ಲದರಲ್ಲೂ ಅವರದೇ ಪರದೆಗಳು ಮೆಲ್ಲಗೆ ಉಸಿರಾಡುತ್ತಿರುತ್ತವೆ. “ಜನ ಮಾತ್ರ ಇರಲ್ಲ. ಆದ್ರೆ ಕುರ್ಚಿ ಮುಟ್ಟಿದ್ರೆ ಬೆಚ್ಚಗಿರುತ್ತೆ, ಈಗಷ್ಟೇ ಯಾರೋ ಎದ್ದು ಹೋದಂಗೆ. ಭಯ ಆಗಲ್ಲ. ಎಲ್ಲೋ ಒಳಗಿದ್ದಾರೆ, ಬರ್ತಾರೆ ಅನ್ಸುತ್ತೆ.”

ಮನೆ ಮಾರಾಟವಾದ ಮೇಲೆ ಆ ಚಿತ್ರಗಳು ಯಾರಿಗೂ ಬೇಡ. ನರ್ಸಿನ ಮನೆಯೊಂದನ್ನು ಬಿಟ್ಟರೆ, ತಾವು ಸಿಂಗರಿಸಿದ ಯಾವ ಮನೆಗೂ ಜನ ಬಂದು ಸೇರಿದ ಮೇಲೆ ಪರದೆಯಕ್ಕ ಹೋಗಿಲ್ಲ. ಆಸೆ ಏನಾದರೂ ಇದೆಯೇ ಎಂದಾಗ ಸ್ವಲ್ಪ ನಾಚಿಕೊಂಡರು.

“ಯಾರಾದ್ರೂ ಒಂದ್ಸಲ ಮನೆಗೆ ಕರೀಲಿ ಅಂತ ಇದೆ. ಊಟ ಗೀಟ ಏನೂ ಬೇಡಪ್ಪ. ನಾನು ಸೋಫಾ ಇಟ್ಟಿದ್ದ ಜಾಗದಲ್ಲಿ ಅವರೇನು ಇಟ್ಕೊಂಡಿದ್ದಾರೆ ಅಂತ ನೋಡ್ಬೇಕು. ಬಹುಶಃ ಒಗೆಯೋ ಬಟ್ಟೆ ರಾಶಿ ಬಿದ್ದಿರುತ್ತೆ. ಬಿದ್ದಿರ್ಲಿ. ನಾನಿಟ್ಟಿದ್ದಕ್ಕಿಂತ ಅದೇ ಚೆನ್ನಾಗಿರುತ್ತೆ.”